ಗುಳೆ ಹೋದವರನ್ನು ಎಣಿಸುವುದು ಹೇಗೆ?



ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರಿಗೆ ‘ಗುಳೆ’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿ ಮುಗಿದು ಊರಿನಲ್ಲಿ ಕೆಲಸ ಸಿಗದಾದಾಗ, ಇಲ್ಲವೇ ಮಳೆ ಕೈಕೊಟ್ಟಾಗ, ಕುಟುಂಬಕ್ಕೆ ಕುಟುಂಬವೇ ಪಾತ್ರೆಪಗಡೆ ಕಟ್ಟಿಕೊಂಡು ಬೆಂಗಳೂರಿಗೋ, ಪುಣೆಗೋ, ಮುಂಬಯಿಗೋ, ಗೋವೆಗೋ ಹೊರಡುತ್ತದೆ. ಕಟ್ಟಡದ ಕೆಲಸ, ರಸ್ತೆಯ ಕೆಲಸ, ಕಬ್ಬು ಕಡಿಯುವ ಕೆಲಸ, ಯಾವುದಾದರೂ ಸರಿ. ಮುಂಗಾರು ಬರುವ ಹೊತ್ತಿಗೆ ಮತ್ತೆ ಊರು. ಅಲ್ಲಿಯವರೆಗೆ ಮನೆಯ ಬಾಗಿಲಿಗೆ ಬೀಗ, ಇಲ್ಲವೇ ಕಾವಲಿಗೆ ವಯಸ್ಸಾದ ಅಜ್ಜ ಅಜ್ಜಿ. ಶಾಲೆಯ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ತಿಂಗಳುಗಟ್ಟಲೆ ‘ಗೈರು’.

ಈಗ ಒಂದು ಸರಳವಾದ ಪ್ರಶ್ನೆ. ಈ ವರ್ಷ ಹೀಗೆ ಊರು ಬಿಟ್ಟು ಹೋದವರು ಎಷ್ಟು ಮಂದಿ? ಎಲ್ಲಿಗೆ ಹೋದರು? ಎಷ್ಟು ಮಂದಿ ಮರಳಿ ಬಂದರು? ಪ್ರಶ್ನೆ ಸರಳ, ಉತ್ತರ ಮಾತ್ರ ಬಹಳ ಕಷ್ಟ. ಆ ಉತ್ತರವನ್ನು ಹುಡುಕಲು ವಿಜ್ಞಾನಿಗಳು ಕಂಡುಕೊಂಡಿರುವ ಒಂದು ಹೊಸ ದಾರಿಯನ್ನೂ, ಆ ದಾರಿಯಲ್ಲಿರುವ ಗುಂಡಿಗಳನ್ನೂ ನಿಮಗೆ ಪರಿಚಯಿಸುವುದು ಈ ಭಾಷಣದ ಉದ್ದೇಶ.

ಲೆಕ್ಕ ಏಕೆ ಬೇಕು?

ಇದು ಬರಿಯ ಅಂಕಿಗಳ ಕುತೂಹಲವಲ್ಲ. 2020ರ ಮಾರ್ಚ್ 25ರಂದು ಕೋವಿಡ್ ಕಾರಣದಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದದ್ದು ನಿಮಗೆ ನೆನಪಿರಬಹುದು. ನಗರಗಳಲ್ಲಿ ಕೆಲಸ ನಿಂತಿತು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು ಇಟ್ಟುಕೊಂಡು ಜನ ಹೆದ್ದಾರಿಗಳಲ್ಲಿ ನಡೆಯತೊಡಗಿದರು. ಮೇ 1ರಿಂದ ಶ್ರಮಿಕ ವಿಶೇಷ ರೈಲುಗಳು ಹೊರಟವು. ಅವು 63 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಊರಿಗೆ ಮುಟ್ಟಿಸಿದವು. ತಮ್ಮ ರಾಜ್ಯಗಳಿಗೆ ಮರಳಿದ ಕಾರ್ಮಿಕರು 1 ಕೋಟಿ 4 ಲಕ್ಷಕ್ಕಿಂತ ಹೆಚ್ಚು ಎಂದು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸರಕಾರ ಸಂಸತ್ತಿಗೆ ತಿಳಿಸಿತು.

ಈ ಸಂಖ್ಯೆ ಸಿಕ್ಕಿದ್ದು ಜನ ನಡೆದು ಮುಗಿದ ಮೇಲೆ ಎಂಬುದನ್ನು ಗಮನಿಸಿ. ಯಾವ ನಗರದ ಯಾವ ಬಡಾವಣೆಯಲ್ಲಿ ಯಾವ ಜಿಲ್ಲೆಯ ಎಷ್ಟು ಕಾರ್ಮಿಕರಿದ್ದಾರೆ ಎಂಬುದು ಮಾರ್ಚ್ ತಿಂಗಳಲ್ಲೇ ಗೊತ್ತಿದ್ದರೆ, ಅಕ್ಕಿಯನ್ನು ಎಲ್ಲಿಗೆ ಕಳುಹಿಸಬೇಕು, ರೈಲನ್ನು ಎಲ್ಲಿಂದ ಹೊರಡಿಸಬೇಕು ಎಂದು ನಿರ್ಧರಿಸುವುದು ಸುಲಭವಾಗುತ್ತಿತ್ತು. ಲೆಕ್ಕದಲ್ಲಿ ಇಲ್ಲದವರು ಪಡಿತರದಲ್ಲೂ ಇರುವುದಿಲ್ಲ, ಶಾಲೆಯ ಪಟ್ಟಿಯಲ್ಲೂ ಇರುವುದಿಲ್ಲ.

ಹಳೆಯ ದಾರಿ

ವಲಸೆಯನ್ನು ಅಳೆಯುವ ಹಳೆಯ ಸಾಧನ ಜನಗಣತಿ. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ರಾವೆನ್‌ಸ್ಟೈನ್ ಎಂಬ ಭೂಪಟ ತಜ್ಞ ಬ್ರಿಟನ್ನಿನ ಜನಗಣತಿಯನ್ನು ಆಧರಿಸಿ 1885ರಲ್ಲಿ ‘ವಲಸೆಯ ನಿಯಮ’ಗಳನ್ನು ಪ್ರಕಟಿಸಿದ. ಬಹುಪಾಲು ವಲಸಿಗರು ಹತ್ತಿರದ ಊರುಗಳಿಗೇ ಹೋಗುತ್ತಾರೆ. ಹೋಗುವವರ ಪ್ರವಾಹವಿದ್ದಲ್ಲಿ ಮರಳುವವರ ಪ್ರವಾಹವೂ ಇರುತ್ತದೆ ಎಂಬುವು ಅವುಗಳಲ್ಲಿ ಮುಖ್ಯವಾದವು. ಅವು ಇಂದಿಗೂ ಬಹುಮಟ್ಟಿಗೆ ಸರಿಯೇ.

ನಮ್ಮ ಜನಗಣತಿಯಲ್ಲಿ ‘ನೀವು ಹುಟ್ಟಿದ್ದು ಎಲ್ಲಿ? ಇದಕ್ಕೆ ಮೊದಲು ಎಲ್ಲಿ ವಾಸವಾಗಿದ್ದಿರಿ? ಇಲ್ಲಿಗೆ ಏಕೆ ಬಂದಿರಿ?’ ಎಂದು ಕೇಳುತ್ತಾರೆ. 2011ರ ಗಣತಿಯ ಪ್ರಕಾರ ಭಾರತದಲ್ಲಿ ಒಂದಲ್ಲ ಒಂದು ಸಲ ವಾಸಸ್ಥಳ ಬದಲಿಸಿದವರು ಸುಮಾರು 45 ಕೋಟಿ. ಅಂದರೆ ಜನಸಂಖ್ಯೆಯ ಶೇಕಡ 37ರಷ್ಟು. ಇವರಲ್ಲಿ ಮದುವೆಯಾಗಿ ಗಂಡನ ಮನೆಗೆ ಬಂದ ಹೆಣ್ಣುಮಕ್ಕಳೇ ಬಹಳ. ನಿಮ್ಮ ತಾಯಿ ಪಕ್ಕದ ಹಳ್ಳಿಯಿಂದ ಬಂದವರಾದರೆ ಗಣತಿಯ ದೃಷ್ಟಿಯಲ್ಲಿ ಅವರೂ ವಲಸಿಗರೇ! ಆದರೆ ವರ್ಷಕ್ಕೆ ಐದಾರು ತಿಂಗಳು ಹೋಗಿ ಬರುವ ಗುಳೆಯವರು ಈ ಜರಡಿಯಲ್ಲಿ ಸುಲಭವಾಗಿ ಸೋರಿಹೋಗುತ್ತಾರೆ.

ಎರಡನೆಯ ತೊಂದರೆ ಕಾಲದ್ದು. ಗಣತಿ ಹತ್ತು ವರ್ಷಕ್ಕೊಮ್ಮೆ ನಡೆಯುತ್ತದೆ, ಅದರ ವಲಸೆಯ ಕೋಷ್ಟಕಗಳು ಹೊರಬರಲು ಮತ್ತೆ ಹಲವು ವರ್ಷ ಹಿಡಿಯುತ್ತದೆ. 2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್ ಕಾರಣದಿಂದ ಮುಂದಕ್ಕೆ ಹೋಯಿತು. 2027ರ ಮಾರ್ಚ್ 1ನ್ನು ಆಧಾರ ದಿನಾಂಕವಾಗಿ ಇಟ್ಟುಕೊಂಡು ಹೊಸ ಗಣತಿ ನಡೆಸುವುದೆಂದು 2025ರಲ್ಲಿ ಪ್ರಕಟಿಸಲಾಯಿತು. ಅಷ್ಟು ದಿನ ನಾವು 2011ರ ಕನ್ನಡಿಯಲ್ಲೇ ಮುಖ ನೋಡಿಕೊಂಡಿದ್ದೇವೆ.

ಹೊಗೆಯಿಂದ ಬೆಂಕಿಯ ಊಹೆ

ನೇರವಾಗಿ ಎಣಿಸಲಾಗದಿದ್ದರೆ ಬೇರೆ ಗುರುತುಗಳನ್ನು ಹುಡುಕಬೇಕು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸುವುದು ನಮ್ಮ ತರ್ಕಶಾಸ್ತ್ರದ ಹಳೆಯ ಉದಾಹರಣೆ. ಕೇಂದ್ರ ಸರಕಾರದ 2016–17ರ ಆರ್ಥಿಕ ಸಮೀಕ್ಷೆ ಇಂಥದೇ ಒಂದು ಉಪಾಯ ಮಾಡಿತು. ಕೆಲಸ ಹುಡುಕಿಕೊಂಡು ಹೋಗುವವರು ಸಾಮಾನ್ಯವಾಗಿ ರೈಲಿನ ಕಾಯ್ದಿರಿಸದ ಬೋಗಿಯಲ್ಲಿ ಪ್ರಯಾಣ ಮಾಡುತ್ತಾರಲ್ಲವೇ? ಆ ಟಿಕೆಟ್ಟುಗಳ ಲೆಕ್ಕವನ್ನು ನೋಡಿ, 2011ರಿಂದ 2016ರವರೆಗೆ ವರ್ಷಕ್ಕೆ ಸುಮಾರು 90 ಲಕ್ಷ ಮಂದಿ ದುಡಿಮೆಗಾಗಿ ರಾಜ್ಯದಿಂದ ರಾಜ್ಯಕ್ಕೆ ಹೋಗುತ್ತಿದ್ದರೆಂದು ಅದು ಅಂದಾಜು ಮಾಡಿತು. ಅಲ್ಲಿಯವರೆಗೆ ತಿಳಿದಿದ್ದಕ್ಕಿಂತ ಇದು ಬಹಳ ಹೆಚ್ಚು.

ರೈಲಿನ ಟಿಕೆಟ್ಟು ಒಂದು ಹೆಜ್ಜೆಗುರುತಾದರೆ, ಮೊಬೈಲ್ ಫೋನು ಕ್ಷಣಕ್ಷಣಕ್ಕೂ ಬೀಳುವ ಹೆಜ್ಜೆಗುರುತು. ಇಲ್ಲಿಗೆ ಸಾಮಾಜಿಕ ಜಾಲತಾಣಗಳ ಪ್ರವೇಶವಾಗುತ್ತದೆ.

ಇಮೇಲಿನಿಂದ ಫೇಸ್‌ಬುಕ್ಕಿನವರೆಗೆ

ಎಮಿಲಿಯೊ ಝಾಗೆನಿ ಎಂಬ ಜನಸಂಖ್ಯಾ ಶಾಸ್ತ್ರಜ್ಞ ಮತ್ತು ಇಂಗ್ಮಾರ್ ವೆಬರ್ ಎಂಬ ಗಣಕ ವಿಜ್ಞಾನಿ 2012ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಯಾಹೂ ಸಂಸ್ಥೆಯ 4 ಕೋಟಿ 30 ಲಕ್ಷ ಇಮೇಲ್ ಬಳಕೆದಾರರು, ಹೆಸರಿಲ್ಲದೆ, ಅವರ ಸಾಮಗ್ರಿ. ಪತ್ರದಲ್ಲಿ ಏನು ಬರೆದಿದೆ ಎಂಬುದು ಅವರಿಗೆ ಬೇಕಿರಲಿಲ್ಲ. ಪತ್ರ ಯಾವ ದೇಶದಿಂದ ಹೊರಟಿತು ಎಂಬುದಷ್ಟೇ ಸಾಕಾಗಿತ್ತು. ನಮ್ಮ ಅಂಚೆಯ ಮುದ್ರೆಯಂತೆ, ಅಂತರಜಾಲಕ್ಕೆ ಸೇರಿದ ಪ್ರತಿ ಯಂತ್ರಕ್ಕೂ ಒಂದು ವಿಳಾಸಸಂಖ್ಯೆ ಇರುತ್ತದೆ. ಅದರಿಂದ ದೇಶ ಯಾವುದೆಂದು ತಿಳಿಯುತ್ತದೆ. ಮೊದಲು ಒಂದು ದೇಶದಿಂದ ಬರೆಯುತ್ತಿದ್ದವರು ಈಗ ತಿಂಗಳುಗಟ್ಟಲೆ ಇನ್ನೊಂದು ದೇಶದಿಂದ ಬರೆಯುತ್ತಿದ್ದರೆ, ಅವರು ವಲಸೆ ಹೋಗಿರಬೇಕು.

2014ರಲ್ಲಿ ಇದೇ ತಂಡ ಸಂಗಡಿಗರೊಡನೆ ಟ್ವಿಟರ್ ಬಳಸುವ ಸುಮಾರು 5 ಲಕ್ಷ ಮಂದಿಯ ಸಂದೇಶಗಳಲ್ಲಿದ್ದ ಸ್ಥಳದ ಗುರುತುಗಳನ್ನು ಪರಿಶೀಲಿಸಿತು. ‘ವಲಸಿಗರು ಇಷ್ಟೇ ಮಂದಿ’ ಎಂದು ಅವರು ಹೇಳಲಿಲ್ಲ. ವಲಸೆ ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬ ದಿಕ್ಕನ್ನು ಬೇಗನೆ ತಿಳಿಯಬಹುದು ಎಂದಷ್ಟೇ ಹೇಳಿದರು. ವಿಜ್ಞಾನದಲ್ಲಿ ಎಷ್ಟು ಗೊತ್ತೋ ಅಷ್ಟೇ ಹೇಳುವುದು ದೊಡ್ಡ ಗುಣ.

ಅದೇ ವರ್ಷ ಉದ್ಯೋಗಿಗಳ ಜಾಲತಾಣವಾದ ಲಿಂಕ್ಡ್‌ಇನ್ ಕುರಿತ ಅಧ್ಯಯನವೂ ಹೊರಬಂತು. ಅಲ್ಲಿ ಜನ ತಾವು ಎಲ್ಲಿ ಓದಿದೆವು, ಎಲ್ಲೆಲ್ಲಿ ಕೆಲಸ ಮಾಡಿದೆವು ಎಂದು ತಾವೇ ಬರೆದಿಟ್ಟಿರುತ್ತಾರೆ. ಬೇರೆ ದೇಶಕ್ಕೆ ದುಡಿಮೆಗೆ ಹೋದ ವೃತ್ತಿಪರರಲ್ಲಿ ಅಮೆರಿಕಕ್ಕೆ ಹೋದವರ ಪಾಲು 2000ದಲ್ಲಿ ಶೇಕಡ 27 ಇದ್ದದ್ದು 2012ಕ್ಕೆ ಶೇಕಡ 13ಕ್ಕೆ ಇಳಿದಿತ್ತೆಂದು ಅದರಿಂದ ತಿಳಿಯಿತು. ಇಳಿದದ್ದು ಪಾಲು, ಹೋದವರ ಸಂಖ್ಯೆಯೇ ಅರ್ಧವಾಯಿತೆಂದು ಇದರ ಅರ್ಥವಲ್ಲ. ಪರೀಕ್ಷೆಯಲ್ಲಿ ಈ ಎರಡನ್ನೂ ಒಂದೇ ಎಂದು ಬರೆದುಬಿಡಬೇಡಿ.

ಇನ್ನು ಫೇಸ್‌ಬುಕ್. ಅದರ ವರಮಾನದ ಬಹುಪಾಲು ಜಾಹೀರಾತಿನದು. ಜಾಹೀರಾತು ಕೊಡುವ ಅಂಗಡಿಯವನಿಗೆ ಅದು ಮೊದಲೇ ಒಂದು ಅಂದಾಜು ಹೇಳುತ್ತದೆ: ಈ ಊರಿನಲ್ಲಿ, ಈ ವಯಸ್ಸಿನ, ಇಂಥ ದೇಶದಿಂದ ಬಂದು ನೆಲೆಸಿದ ಇಷ್ಟು ಮಂದಿಗೆ ನಿಮ್ಮ ಜಾಹೀರಾತು ಕಾಣಬಹುದು ಎಂದು. ಯಾರ ಹೆಸರೂ ಇಲ್ಲ, ಬರಿಯ ಸಂಖ್ಯೆ. ಜಾಹೀರಾತು ಕೊಡದೆಯೇ ಈ ಸಂಖ್ಯೆಗಳನ್ನು ಮತ್ತೆ ಮತ್ತೆ ಕೇಳಿ ಬರೆದುಕೊಂಡರೆ ವಲಸಿಗರ ಲೆಕ್ಕ ಸಿಗುವುದಿಲ್ಲವೇ? ಝಾಗೆನಿ, ವೆಬರ್ ಮತ್ತು ಕೃಷ್ಣ ಗುಮ್ಮಾಡಿ 2017ರಲ್ಲಿ ಹೀಗೆ ಮಾಡಿ, ಬಂದ ಸಂಖ್ಯೆಗಳನ್ನು ಅಮೆರಿಕದ ಸರಕಾರಿ ಸಮೀಕ್ಷೆಯೊಡನೆ ಹೋಲಿಸಿ ನೋಡಿದರು. ಎರಡೂ ಒಂದೇ ಆಗಿರಲಿಲ್ಲ. ಆದರೆ ಒಂದರಿಂದ ಇನ್ನೊಂದನ್ನು ತಿದ್ದಿಕೊಳ್ಳುವಷ್ಟು ಹೊಂದಾಣಿಕೆ ಇತ್ತು.

ಒಂದು ಚಂಡಮಾರುತ, ಒಂದು ಯುದ್ಧ

ಈ ವಿಧಾನದ ನಿಜವಾದ ಪರೀಕ್ಷೆ ಆಪತ್ತಿನ ಕಾಲದಲ್ಲಿ ನಡೆಯಿತು. 2017ರ ಸೆಪ್ಟೆಂಬರ್ 20ರಂದು ಮರಿಯಾ ಎಂಬ ಚಂಡಮಾರುತ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪವನ್ನು ನುಚ್ಚುನೂರು ಮಾಡಿತು. ಆ ದ್ವೀಪ ಅಮೆರಿಕಕ್ಕೆ ಸೇರಿದ್ದು. ಅಲ್ಲಿಯ ಜನ ಅಮೆರಿಕದ ಪ್ರಜೆಗಳೇ ಆದ್ದರಿಂದ ಅವರು ಮುಖ್ಯಭೂಮಿಗೆ ಹೋಗಲು ವೀಸಾ ಬೇಕಿಲ್ಲ, ಆದ್ದರಿಂದ ದಾಖಲೆಯೂ ಇಲ್ಲ. ಫೇಸ್‌ಬುಕ್ಕಿನ ಜಾಹೀರಾತು ಸಂಖ್ಯೆಗಳನ್ನು ನೋಡಿದ ಸಂಶೋಧಕರು, 2017ರ ಅಕ್ಟೋಬರ್‌ನಿಂದ 2018ರ ಜನವರಿಯೊಳಗೆ ಅಮೆರಿಕದಲ್ಲಿದ್ದ ಪೋರ್ಟೊ ರಿಕೊದವರ ಸಂಖ್ಯೆ ಶೇಕಡ 17ರಷ್ಟು ಏರಿತೆಂದೂ, ಆಮೇಲೆ ಕೆಲವರು ಮರಳತೊಡಗಿದರೆಂದೂ ಕಂಡುಕೊಂಡರು.

ಇಲ್ಲಿ ಅವರು ಬಳಸಿದ ಉಪಾಯವನ್ನು ನೀವು ತಿಳಿಯಬೇಕು. ಯಾರನ್ನು ವಲಸಿಗರೆಂದು ಕರೆಯಬೇಕೆಂಬ ಲೆಕ್ಕಾಚಾರವನ್ನು ಸಂಸ್ಥೆ ತನ್ನಷ್ಟಕ್ಕೆ ತಾನು ಬದಲಿಸುತ್ತಿರುತ್ತದೆ. ಆಗ ಜನ ಕದಲದಿದ್ದರೂ ಸಂಖ್ಯೆ ಕದಲುತ್ತದೆ. ನಿಮ್ಮ ಪ್ರಯೋಗಶಾಲೆಯ ತಕ್ಕಡಿಯಲ್ಲಿ ಏನೂ ಇಡದೆ ಮುಳ್ಳು 5 ಗ್ರಾಂ ತೋರಿಸುತ್ತಿದ್ದರೆ ಏನು ಮಾಡುತ್ತೀರಿ? ಬಂದ ತೂಕದಲ್ಲಿ 5 ಗ್ರಾಂ ಕಳೆಯುತ್ತೀರಿ. ಸಂಶೋಧಕರೂ ಹಾಗೆಯೇ ಮಾಡಿದರು. ಚಂಡಮಾರುತಕ್ಕೆ ಸಂಬಂಧವಿಲ್ಲದ ಬೇರೆ ದೇಶಗಳ ವಲಸಿಗರ ಸಂಖ್ಯೆಯಲ್ಲಿ ಅದೇ ಕಾಲಕ್ಕೆ ಆದ ಬದಲಾವಣೆಯನ್ನು ತಕ್ಕಡಿಯ ದೋಷವೆಂದು ಎಣಿಸಿ ಕಳೆದರು. ಉಳಿದದ್ದು ಚಂಡಮಾರುತದ ಪರಿಣಾಮ.

2022ರ ಫೆಬ್ರವರಿ 24ರಂದು ರಷ್ಯ ಯುಕ್ರೇನಿನ ಮೇಲೆ ದಾಳಿ ಮಾಡಿದಾಗಲೂ ಹೀಗೆಯೇ ಆಯಿತು. ಯುದ್ಧಕ್ಕೆ ಮೊದಲಿನ ಜನಸಂಖ್ಯೆಯೊಡನೆ ಪ್ರತಿದಿನದ ಜಾಹೀರಾತು ಸಂಖ್ಯೆಗಳನ್ನು ಹೋಲಿಸಿ, ಮೊದಲ ಮೂರು ವಾರಗಳಲ್ಲಿ ದೇಶದೊಳಗೇ ತಮ್ಮ ಪ್ರಾಂತ ಬಿಟ್ಟು ಹೋದವರು 53 ಲಕ್ಷ ಮಂದಿ ಎಂದು ಅಂದಾಜು ಮಾಡಿದರು. ಬಾಂಬು ಬೀಳುವ ಊರಿಗೆ ಗಣತಿದಾರನನ್ನು ಕಳುಹಿಸಲಾದೀತೇ? ಆಹಾರವನ್ನೂ ಔಷಧವನ್ನೂ ಎಲ್ಲಿಗೆ ಒಯ್ಯಬೇಕೆಂದು ತಿಳಿಯಲು ಇಂಥ ಅಂದಾಜು ಬೇಕಾಗುತ್ತದೆ.

2025ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಫೇಸ್‌ಬುಕ್ಕಿನ ಬಳಕೆದಾರರ ಮಾಹಿತಿಯಿಂದ 181 ದೇಶಗಳ ನಡುವಿನ ವಲಸೆಯನ್ನು ಲೆಕ್ಕ ಹಾಕಿತು. 2022ರಲ್ಲಿ ದೇಶದಿಂದ ದೇಶಕ್ಕೆ ಹೋದವರು 3 ಕೋಟಿ 91 ಲಕ್ಷ ಎಂಬುದು ಅದರ ಅಂದಾಜು.

ಪತ್ರ ಬರೆಯುವವರು, ಬರೆಯದವರು

ಇಷ್ಟು ಹೇಳಿದ ಮೇಲೆ, ಇನ್ನು ಗಣತಿಯೇ ಬೇಡ, ಫೇಸ್‌ಬುಕ್ಕೇ ಸಾಕು ಎಂದು ನಿಮಗೆ ಅನಿಸಬಹುದು. ಸ್ವಲ್ಪ ತಾಳಿ.

ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೃಷಿ ಕಾರ್ಯಕ್ರಮಕ್ಕೆ ಕಟ್ಟುಗಟ್ಟಲೆ ಕಾರ್ಡುಗಳು ಬರುತ್ತಿದ್ದವು. ಒಮ್ಮೆ ಅವನ್ನೆಲ್ಲ ವಿಂಗಡಿಸಿ, ‘ನಮ್ಮ ವೀಕ್ಷಕರಲ್ಲಿ ಹೆಚ್ಚಿನವರು ನಿವೃತ್ತ ಮೇಷ್ಟರುಗಳು ಮತ್ತು ಕಾಲೇಜು ಹುಡುಗರು, ರೈತ ಮಹಿಳೆಯರಂತೂ ಇಲ್ಲವೇ ಇಲ್ಲ ಸಾರ್’ ಎಂದು ಹಿರಿಯ ಸಹೋದ್ಯೋಗಿಯೊಬ್ಬರಿಗೆ ಹೆಮ್ಮೆಯಿಂದ ವರದಿ ಒಪ್ಪಿಸಿದೆ. ಅವರು ನಕ್ಕು, ‘ನೋಡಪ್ಪ, ಪತ್ರ ಬರೆದವರೆಲ್ಲ ನೋಡಿದವರು, ನಿಜ. ಆದರೆ ನೋಡಿದವರೆಲ್ಲ ಪತ್ರ ಬರೆಯುತ್ತಾರೆಯೇ?’ ಎಂದರು. ವಿಜ್ಞಾನ ಪದವೀಧರನಾದ ನನಗೆ ಸಂಖ್ಯಾಶಾಸ್ತ್ರದ ಮೊದಲ ಪಾಠ ನಿಜವಾಗಿ ಅರ್ಥವಾದದ್ದು ಅಂದು.

ಇದಕ್ಕೆ ಚರಿತ್ರೆಯಲ್ಲೊಂದು ಪ್ರಸಿದ್ಧ ನಿದರ್ಶನವಿದೆ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ ಸುಮಾರು 1 ಕೋಟಿ ಮಂದಿಗೆ ಕಾರ್ಡು ಕಳುಹಿಸಿ ಅಭಿಪ್ರಾಯ ಕೇಳಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳ ಪೈಕಿ 46ರಲ್ಲಿ! ಕಾರ್ಡು ಹೋದದ್ದು ಬಹುಮಟ್ಟಿಗೆ ಫೋನು, ಕಾರು ಇದ್ದವರ ಮನೆಗೆ. ಅವರಲ್ಲೂ ಉತ್ತರಿಸಿದವರು ಕೆಲವರೇ. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ.

ಓರೆಯನ್ನು ತಿದ್ದಲು ಸಾಧ್ಯವಿದೆ. ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ಊರಿನಲ್ಲಿ 1,000 ಯುವಕರು, 1,000 ಯುವತಿಯರು. ಜಾಲತಾಣದಲ್ಲಿ ಖಾತೆ ಇರುವವರು 500 ಯುವಕರು, 200 ಯುವತಿಯರು. ಅವರಲ್ಲಿ ಊರು ಬಿಟ್ಟವರು 50 ಯುವಕರು, 10 ಯುವತಿಯರು. ಎಲ್ಲವನ್ನೂ ಕೂಡಿಸಿದರೆ 700ಕ್ಕೆ 60. ಆ ಪ್ರಮಾಣದಲ್ಲಿ 2,000 ಮಂದಿಗೆ ಸುಮಾರು 171. ಬೇರೆ ಬೇರೆಯಾಗಿ ನೋಡಿ: ಯುವಕರಲ್ಲಿ ಶೇಕಡ 10, ಅಂದರೆ 100 ಮಂದಿ, ಯುವತಿಯರಲ್ಲಿ ಶೇಕಡ 5, ಅಂದರೆ 50 ಮಂದಿ. ಒಟ್ಟು 150. ಎರಡನೆಯದು ಹೆಚ್ಚು ಸರಿ. ಆದರೆ ಈ ತಿದ್ದುಪಡಿಗೆ ಊರಿನ ಒಟ್ಟು ಯುವಕ ಯುವತಿಯರ ಸಂಖ್ಯೆ ಗೊತ್ತಿರಬೇಕು. ಅದು ಎಲ್ಲಿಂದ ಬರುತ್ತದೆ? ಜನಗಣತಿಯಿಂದ! ಹೊಸ ಅಳತೆಗೋಲು ಹಳೆಯ ಅಳತೆಗೋಲಿನ ಮೇಲೆಯೇ ನಿಂತಿದೆ.

ಇನ್ನೊಂದು ಮಾತು. ಖಾತೆ ಇರುವ ಯುವತಿಯರಂತೆಯೇ ಖಾತೆ ಇಲ್ಲದ ಯುವತಿಯರೂ ಊರು ಬಿಡುತ್ತಾರೆಂದು ಈ ಲೆಕ್ಕದಲ್ಲಿ ನಾವು ಸದ್ದಿಲ್ಲದೆ ಒಪ್ಪಿಕೊಂಡಿದ್ದೇವೆ. ಅದು ನಿಜವೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಒಮ್ಮೆಯಾದರೂ ಅಂತರಜಾಲ ಬಳಸಿದ್ದ ಗಂಡಸರು ಶೇಕಡ 57, ಹೆಂಗಸರು ಶೇಕಡ 33. ಗುಳೆ ಹೋದ ತಾಯಿಯೊಬ್ಬಳು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ವಾಸವಾಗಿದ್ದಾಳೆ ಎಂದುಕೊಳ್ಳಿ. ಫೋನು ಗಂಡನ ಕೈಯಲ್ಲಿ. ಕೆಲಸದ ಸುದ್ದಿ ಬರುವುದು ಮೇಸ್ತ್ರಿಯ ವಾಟ್ಸ್ಯಾಪ್‌ನಲ್ಲಿ. ಅಲ್ಲಿಯ ಮಾತು ಹೊರಗಿನವರಿಗೆ ಕಾಣುವುದಿಲ್ಲ, ಕಾಣಬಾರದು ಕೂಡ. ಬೆಂಗಳೂರಿನಿಂದ ಅಮೆರಿಕಕ್ಕೆ ಹೋದ ಎಂಜಿನಿಯರ್ ಲಿಂಕ್ಡ್‌ಇನ್‌ನಲ್ಲಿ ಸಿಗುತ್ತಾನೆ. ಅವನು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಇಟ್ಟಿಗೆ ಹೊತ್ತವಳು ಎಲ್ಲಿಯೂ ಸಿಗುವುದಿಲ್ಲ. ವಿಶ್ವಸಂಸ್ಥೆಯ ವ್ಯಾಖ್ಯೆಯಲ್ಲಿ ದೀರ್ಘಕಾಲದ ವಲಸಿಗನೆಂದರೆ ಕನಿಷ್ಠ 12 ತಿಂಗಳು ಪರದೇಶದಲ್ಲಿ ಇರುವವನು. ಆರು ತಿಂಗಳ ಗುಳೆಗೆ ಅಲ್ಲಿಯೂ ಹೆಸರಿಲ್ಲ.

ಸಾಮಗ್ರಿಯ ಒಡೆಯ ಯಾರು?

ಗಣತಿ ಸರಕಾರದ ಕಾನೂನುಬದ್ಧ ಹೊಣೆ. ಜಾಲತಾಣದ ಮಾಹಿತಿ ಖಾಸಗಿ ಸಂಸ್ಥೆಯ ಸೊತ್ತು. 2023ರಲ್ಲಿ ಟ್ವಿಟರ್ ತನ್ನ ಮಾಹಿತಿಯ ಉಚಿತ ಬಾಗಿಲನ್ನು ಮುಚ್ಚಿತು. ಅದನ್ನೇ ನಂಬಿದ್ದ ಹಲವು ಸಂಶೋಧನೆಗಳು ಅರ್ಧದಲ್ಲಿ ನಿಂತವು. ಟಿಕ್‌ಟಾಕ್ ನಮ್ಮಲ್ಲಿ ಹಳ್ಳಿಹಳ್ಳಿಗೂ ಹಬ್ಬಿತ್ತು. 2020ರ ಜೂನ್‌ನಲ್ಲಿ ಸರಕಾರ ಅದನ್ನು ನಿಷೇಧಿಸಿತು. ಇಂದು ಇರುವ ತಾಣ ನಾಳೆ ಇರುತ್ತದೆಂಬ ಭರವಸೆಯಿಲ್ಲ.

ಅದಕ್ಕಿಂತ ಗಂಭೀರವಾದದ್ದು ಖಾಸಗಿತನದ ಪ್ರಶ್ನೆ. ‘ಎಷ್ಟು ಮಂದಿ ಹೋದರು’ ಎಂದು ತಿಳಿಯುವುದು ಬೇರೆ, ‘ಯಾರು ಹೋದರು’ ಎಂದು ತಿಳಿಯುವುದು ಬೇರೆ. ಯುದ್ಧದಿಂದ ಓಡಿಹೋದವರ ಗುರುತು ಶತ್ರುವಿನ ಕೈಗೆ ಸಿಕ್ಕರೆ ಏನಾದೀತು? ಆದ್ದರಿಂದಲೇ 2025ರ ಅಧ್ಯಯನದಲ್ಲಿ ಪ್ರತಿ ಸಂಖ್ಯೆಗೂ ಬೇಕೆಂದೇ ಸ್ವಲ್ಪ ಏರುಪೇರು ಬೆರೆಸಿದ್ದರು. ಒಟ್ಟು ಚಿತ್ರ ಸರಿಯಾಗಿಯೇ ಉಳಿಯುತ್ತದೆ. ಒಬ್ಬ ವ್ಯಕ್ತಿಯನ್ನು ಹೆಕ್ಕಿ ತೆಗೆಯಲು ಆಗುವುದಿಲ್ಲ. ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆಯ ವಿಷಯ.

ಕೊನೆಯದಾಗಿ

ಹಾಗಾದರೆ ಯಾವುದು ಸರಿ? ಗಣತಿ ಎಲ್ಲರನ್ನೂ ಮುಟ್ಟಲು ಯತ್ನಿಸುತ್ತದೆ, ಆದರೆ ನಿಧಾನ. ಜಾಲತಾಣ ಚುರುಕು, ಆದರೆ ಅದಕ್ಕೆ ಕಾಣುವುದು ಕೆಲವರೇ. ಮಾದರಿ ಸಮೀಕ್ಷೆ, ರೈಲಿನ ಟಿಕೆಟ್ಟು, ಶಾಲೆಯ ಹಾಜರಿ, ಪಡಿತರದ ದಾಖಲೆ, ಅಸಂಘಟಿತ ಕಾರ್ಮಿಕರಿಗಾಗಿ 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿ, ಇವೆಲ್ಲವೂ ಒಂದೊಂದು ಕಿಟಕಿ. ಒಂದು ಕಿಟಕಿಯಿಂದ ಕಾಣದ್ದು ಇನ್ನೊಂದರಿಂದ ಕಾಣಬಹುದು. ಅವನ್ನು ಜೋಡಿಸಿ ನೋಡುವ ಸಂಖ್ಯಾಶಾಸ್ತ್ರಜ್ಞರು, ಗಣಕ ವಿಜ್ಞಾನಿಗಳು, ಸಮಾಜಶಾಸ್ತ್ರಜ್ಞರು ನಮಗೆ ಬೇಕು. ನಿಮ್ಮಲ್ಲಿ ಕೆಲವರು ಆ ಕೆಲಸಕ್ಕೆ ಬರಲಿ ಎಂಬುದು ನನ್ನ ಆಸೆ.

ಅದಕ್ಕೆ ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ನಿಮ್ಮ ಬೀದಿಯ ಹತ್ತು ಮನೆಗಳಲ್ಲಿ ದುಡಿಮೆಗೆಂದು ಬೇರೆ ಊರಿನಲ್ಲಿರುವವರು ಎಷ್ಟು ಮಂದಿ ಎಂದು ಕೇಳಿಕೊಳ್ಳಿ. ಹೆಸರು ಬರೆಯಬೇಡಿ, ಸಂಖ್ಯೆ ಸಾಕು. ಅವರಲ್ಲಿ ಎಷ್ಟು ಮಂದಿ ಗಣತಿಗೆ ಸಿಕ್ಕಾರು, ಎಷ್ಟು ಮಂದಿ ಫೇಸ್‌ಬುಕ್ಕಿಗೆ ಸಿಕ್ಕಾರು ಎಂದು ಎರಡು ಸಾಲು ಮಾಡಿ. ಎರಡೂ ಸಾಲಿನಲ್ಲಿ ಇಲ್ಲದವರು ಯಾರಾದರೂ ಉಳಿದರೆ, ಅವರಿಗಾಗಿ ಮೂರನೆಯ ಸಾಲೊಂದನ್ನು ಎಳೆಯಿರಿ. ನಮ್ಮ ವಿಜ್ಞಾನ ಇನ್ನೂ ತಲುಪಬೇಕಾಗಿರುವುದು ಆ ಮೂರನೆಯ ಸಾಲಿನವರನ್ನು.